ಕನ್ನಡ ಮಾತಾಡಿದ್ದಕ್ಕೆ ದಂಡ. ಮಗಳು ಎಚ್‌ಎಂಗೆ ಪತ್ರ ಕೊಟ್ಟಿದ್ದಾಳೆ, ಮುಂದೇನು?

ಮಗಳು ಏಳನೇ ಕ್ಲಾಸು, ಖಾಸಗಿ ಇಂಗ್ಲಿಷ್ ಮೀಡಿಯಂ. ಈ ವರ್ಷದಿಂದ ಶಾಲೆಯೊಳಗೆ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ಊಟದ ಬೆಲ್ಲಿನಲ್ಲೂ ಬಿಡುವುದಿಲ್ಲ. ಹೋದ ವಾರ ಜಾರಿಬಿದ್ದು ಮಂಡಿ ತರಚಿ "ಅಯ್ಯೋ ಅಮ್ಮಾ" ಅಂದಳಂತೆ, ಅದಕ್ಕೂ ಹೆಸರು ಬರೆದುಕೊಂಡರಂತೆ. ಇವಳು ದಂಡ ಕಟ್ಟಲ್ಲ ಅಂತ ನಮ್ಮನ್ನೂ ಕೇಳದೆ ಎಚ್‌ಎಂಗೆ ಒಂದು ಪುಟದ ಪತ್ರ ಕೊಟ್ಟು ಬಂದಿದ್ದಾಳೆ. ಈಗ ನಮಗೆ ಬುಲಾವ್. "ಬುದ್ಧಿ ಹೇಳಿ, ಇಲ್ಲಾಂದ್ರೆ ಟಿಸಿ ತಗೊಂಡು ಹೋಗಿ" ಅನ್ನುವ ಧಾಟಿ. ನಮ್ಮ ಯಜಮಾನರು ಕ್ಷಮೆ ಕೇಳಿಸಿ ಮುಗಿಸೋಣ ಅಂತಾರೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ?

ತುಮಕೂರಿನ ಒಬ್ಬ ತಾಯಿ
ಕ್ಷಮೆ ಕೇಳಿಸಬೇಡಿ ಅಕ್ಕ. ಬೇರೆ ವಿಷಯಕ್ಕೆ ನಾವು ಕೇಳಿಸಿದ್ದೆವು. ಆಮೇಲೆ ಮಗ ಶಾಲೆಯ ಒಂದು ಮಾತನ್ನೂ ಮನೆಯಲ್ಲಿ ಆಡುವುದನ್ನೇ ಬಿಟ್ಟ.

ನಿವೃತ್ತ ಮೇಷ್ಟ್ರು
ಹೋದ ತಕ್ಷಣ ಜಗಳಕ್ಕೆ ನಿಲ್ಲಬೇಡಿ. ಎರಡೇ ಎರಡು ಕೇಳಿ: ಈ ನಿಯಮವನ್ನು ಬರವಣಿಗೆಯಲ್ಲಿ ಕೊಡಿ, ದಂಡಕ್ಕೆ ರಸೀದಿ ಕೊಡಿ. ನಾನಿದ್ದ ಶಾಲೆಯಲ್ಲಿ ಒಬ್ಬ ತಂದೆ ಹೀಗೇ ರಸೀದಿ ಕೇಳಿದರು. ಗುಮಾಸ್ತ ಎಚ್‌ಎಂ ಮುಖ ನೋಡಿದ, ಎಚ್‌ಎಂ ಫ್ಯಾನ್ ನೋಡಿದರು. ಸೋಮವಾರ ದಂಡದ ಪುಸ್ತಕವೇ ಮಾಯ. ನಿಯಮ ರದ್ದಾಯಿತು ಅಂತ ಮಾತ್ರ ಯಾರೂ ಹೇಳಲಿಲ್ಲ.

ಟಿಸಿ ಬೆದರಿಕೆಗೆ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವ ಹಾಗಿಲ್ಲ. 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಅಲ್ಪಸಂಖ್ಯಾತ ಸಂಸ್ಥೆಯ ಶಾಲೆಯಾದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಈ ಕಾಯ್ದೆ ಅನ್ವಯಿಸುವುದಿಲ್ಲ, ಮೊದಲು ಅದನ್ನು ವಿಚಾರಿಸಿಕೊಳ್ಳಿ. ಮಗಳ ಪತ್ರದ ನಕಲಿನ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬೇಕಾಗಿ ಬಂದರೆ ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ಅದರಾಚೆಗೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ, ಮಕ್ಕಳ ಸಹಾಯವಾಣಿ 1098 ಇದೆ. ಮೊದಲ ದಿನವೇ ಅಲ್ಲಿಗೆ ಓಡಬೇಡಿ.

ಇಂಜಿನಿಯರಿಂಗ್ ವಿದ್ಯಾರ್ಥಿ
ನಮ್ಮಲ್ಲೂ ಇತ್ತು ಇದು. ಹೆಸರು ಬರೆಯೋನು ಕ್ಲಾಸ್ ಲೀಡರ್. ಅವನಿಗೆ ದಿನಾ ನಮ್ಮ ಡಬ್ಬಿಯಿಂದ ಎರಡು ಕೋಡುಬಳೆ ಕೊಟ್ಟರೆ ಕಿವಿ ಕೇಳಿಸುತ್ತಿರಲಿಲ್ಲ! ಕೊನೆಗೆ ಹನ್ನೊಂದು ಜನ ಸೇರಿ ಅರ್ಜಿಗೆ ಸಹಿ ಹಾಕಿದೆವು. ಆಫೀಸಿಗೆ ಕರೆದಾಗ ಉಳಿದಿದ್ದು ಮೂವರು. ಆ ವರ್ಷ ಸ್ಕೂಲ್ ಡೇ ಡ್ಯಾನ್ಸಿಂದ ನಮ್ಮನ್ನು ಕೈಬಿಟ್ಟರು. ಕಾರಣ ಕೇಳಿದರೆ "ಜಾಗ ಇಲ್ಲ". ಗೆಳತಿಯರು ಹಿಂದೆ ಸರಿಯಬಹುದು ಅಂತ ಮೊದಲೇ ಅವಳಿಗೆ ಹೇಳಿಟ್ಟಿರಿ. ನಮಗೆ ಡ್ಯಾನ್ಸಿಗಿಂತ ಜಾಸ್ತಿ ನೋವಾಗಿದ್ದು ಅದೇ.

ಧಾರವಾಡ, ಕಾನೂನು ಓದುತ್ತಿರುವವಳು
ಕೇರಳದಲ್ಲಿ 1985ರಲ್ಲಿ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದಿದ್ದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಕಾನೂನಿನ ಬಲವಿಲ್ಲದ ಇಲಾಖೆಯ ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಮೊಟಕು ಮಾಡಲಾಗದು ಅಂದಿತು. ನಿಮ್ಮದು ಅದೇ ಕೇಸಲ್ಲ. ಆದರೂ "ಇದು ನಮ್ಮ ರೂಲ್" ಅಂದವರಿಗೆ "ಯಾವ ಕಾನೂನಿನ ಕೆಳಗೆ?" ಅಂತ ಕೇಳಬಹುದು, ಅಲ್ವಾ?

ಮೈಸೂರಿನ ಒಬ್ಬ ತಂದೆ
ಶಾಲೆಯವರನ್ನೇ ಬೈದರೆ ಹೇಗೆ? ಮೀಟಿಂಗಿನಲ್ಲಿ "ಇಷ್ಟು ಫೀಸು ಕಟ್ಟಿದರೂ ಮಗನಿಗೆ ಇಂಗ್ಲಿಷ್ ಬರ್ತಿಲ್ಲ" ಅಂತ ಕೂಗಾಡಿದವರಲ್ಲಿ ನಾನೂ ಒಬ್ಬ. ದಂಡ ಶುರುವಾಗಿದ್ದು ಅದರ ಮುಂದಿನ ವಾರ.

ಪ್ರಶ್ನೆ ಕೇಳಿದವಳು, ಹತ್ತು ದಿನದ ನಂತರ
ಹೋಗಿ ಬಂದೆವು. ಮೇಷ್ಟ್ರೇ, ರಸೀದಿ ಅಂದ ಕೂಡಲೇ ಎಚ್‌ಎಂ "ಅದು ದಂಡ ಅಲ್ಲ, ಶಿಸ್ತು" ಅಂದರು. ಅರ್ಧ ಗಂಟೆ ಕೂರಿಸಿ ಸೀಲು ಹಾಕಿಕೊಟ್ಟರು. ಟಿಸಿ ಮಾತು ಮತ್ತೆ ಬರಲಿಲ್ಲ. ಊಟದ ಹೊತ್ತಿಗೆ, ಆಟದ ಮೈದಾನಕ್ಕೆ ದಂಡ ನಿಂತಿದೆ. ಕ್ಲಾಸಿನಲ್ಲಿ ಇಂಗ್ಲಿಷೇ ಇರಲಿ ಅಂದಳು ಮಗಳು, ಅದಕ್ಕೆ ಅವಳ ತಕರಾರು ಮೊದಲೂ ಇರಲಿಲ್ಲ. ಯಜಮಾನರು ಆ ಸೀಲು ಹಾಕಿದ ಕಾಗದವನ್ನು ಕರೆಂಟ್ ಬಿಲ್ಲಿನ ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಶಾಲೆಯವರು ಇಲ್ಲಿಯವರೆಗೆ ವಸೂಲಿ ಮಾಡಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಇವಳು ಎರಡನೇ ಪತ್ರ ಬರೆಯಲು ಕೂತಿದ್ದಾಳೆ.