ಹಳೆಯ ಕ್ಯಾಬಿನೆಟ್ ಕೊರೆಯಲು ಹೊರಟಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಶಿವಮೊಗ್ಗ

ನನ್ನ ಹತ್ತಿರ ಹತ್ತು ವರ್ಷದ ಹಿಂದಿನ ಕಪ್ಪು ಕಂಪ್ಯೂಟರ್ ಕ್ಯಾಬಿನೆಟ್ ಒಂದಿದೆ. ಎರಡೂ ಪಕ್ಕದಲ್ಲಿ ಬರೀ ತಗಡು, ಮುಂದೆ ಗಾಳಿಯಾಡದ ಪ್ಲಾಸ್ಟಿಕ್ ಮುಖ, ಹಿಂದೆ ಒಂದೇ ಒಂದು 120 ಮಿ.ಮೀ. ಫ್ಯಾನ್. ಹೋದ ತಿಂಗಳು ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದೆ. ಅಂದಿನಿಂದ ಆಟಕ್ಕೆ ಕುಳಿತ ಹದಿನೈದು ನಿಮಿಷಕ್ಕೆ ಕಾರ್ಡ್ 86 ಡಿಗ್ರಿ ಮುಟ್ಟುತ್ತದೆ. ಪಕ್ಕದ ತಗಡು ತೆಗೆದಿಟ್ಟರೆ 77ಕ್ಕೆ ನಿಲ್ಲುತ್ತದೆ. ಹೊಸ ಕ್ಯಾಬಿನೆಟ್ ಕೊಳ್ಳಬಹುದು, ಆದರೆ ಇದನ್ನೇ ಕೊರೆದು ಕಿಟಕಿ, ಫ್ಯಾನ್, ದೀಪ ಎಲ್ಲ ನನ್ನ ಕೈಯಾರೆ ಹಾಕಬೇಕೆಂಬ ಹಠ. ಕೈಯಲ್ಲಿರುವುದು 2,500 ರೂಪಾಯಿ. ಬಾಡಿಗೆ ಮನೆ, ತಾರಸಿ ಬಳಸಲು ಅಡ್ಡಿಯಿಲ್ಲ, ಆದರೆ ಕೆಳಗಿನ ಮನೆಯ ಯಜಮಾನರು ಮಧ್ಯಾಹ್ನ ಮಲಗುತ್ತಾರೆ. ಸ್ಕ್ರೂಡ್ರೈವರ್ ಬಿಟ್ಟರೆ ಬೇರೆ ಉಪಕರಣವಿಲ್ಲ. ಮಾಡಿ ನೋಡಿದವರು ಹೇಳಿ.

ಬೆಂಗಳೂರಿನಿಂದ ಒಬ್ಬರು

ಪಕ್ಕದ ತಗಡು ತೆಗೆದು ನೋಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. 9 ಡಿಗ್ರಿ ಇಳಿಯುತ್ತದೆ ಎಂದರೆ ಕಾರ್ಡಿನದೇನೂ ತಪ್ಪಿಲ್ಲ, ಡಬ್ಬಿಗೆ ಉಸಿರು ಕಟ್ಟಿದೆ. ಒಂದೆರಡು ಡಿಗ್ರಿ ಮಾತ್ರ ಇಳಿದಿದ್ದರೆ, ಕೊರೆಯುವುದು ಬಿಡಿ, ಕಾರ್ಡಿನ ಚಿಪ್ಪಿನ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ ಎನ್ನುತ್ತಿದ್ದೆ.

ಕಿಟಕಿಯಿಂದ ಶುರು ಮಾಡಬೇಡಿ. ಎಲ್ಲರೂ ಮಾಡುವುದು ಅದನ್ನೇ, ನಾನು ಮಾಡಿದ್ದೂ ಅದನ್ನೇ. ಸ್ನೇಹಿತನೊಬ್ಬನ ಜಿಗ್‌ಸಾ ಎಂಬ ವಿದ್ಯುತ್ ಗರಗಸ ತಂದು, ತಗಡಿನ ಮೇಲೆ ನೇರವಾಗಿ ಪೆನ್ಸಿಲ್ ಗೆರೆ ಎಳೆದು, ಅಡಿಗೆ ಏನೂ ಕೊಡದೆ ಕತ್ತರಿಸಿದೆ. ಮರಕ್ಕೆ ಬಳಸುವ ಬ್ಲೇಡ್ ಅದು. ತಗಡು ಗಡಗಡ ನಡುಗಿ ಗೆರೆ ಬಿಟ್ಟು ಓಡಿತು. ಜಿಗ್‌ಸಾದ ತಳ ಉಜ್ಜಿ ಸುತ್ತಲಿನ ಬಣ್ಣವೆಲ್ಲ ಗೀರಿತು. ಅದಕ್ಕೆ ಕೂರಿಸಿದ ಅಕ್ರಿಲಿಕ್ ಹಾಳೆಯ ನಾಲ್ಕು ಮೂಲೆಯಲ್ಲಿ ಎರಡು ಸ್ಕ್ರೂ ಬಿಗಿಯುವಾಗಲೇ ಸೀಳಿದವು. ನಾಲ್ಕು ವರ್ಷ ಆ ಪಕ್ಕವನ್ನು ಗೋಡೆಗೆ ತಿರುಗಿಸಿ ಇಟ್ಟುಕೊಂಡಿದ್ದೆ. ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಮೊದಲ ಪಾಠ ಕಲಿಯಬಾರದು, ಅಷ್ಟೇ.

ಈಗ ನಿಮ್ಮ ಹಿಂದಿನ ಫ್ಯಾನ್ ಬಿಚ್ಚಿ ನೋಡಿ. ಅದರ ಹಿಂದೆ ತಗಡಿನಲ್ಲೇ ಅಚ್ಚೊತ್ತಿದ ಜಾಲರಿ ಇರುತ್ತದೆ. ಹಳೆಯ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ತೂತಿಗಿಂತ ತಗಡೇ ಹೆಚ್ಚು. ಫ್ಯಾನ್ ತಳ್ಳಿದ ಗಾಳಿಯಲ್ಲಿ ಒಂದಿಷ್ಟು ಅದಕ್ಕೆ ಬಡಿದು ಒಳಗೇ ಸುಳಿಯುತ್ತದೆ. ಗುಂಯ್ ಎನ್ನುವ ಸದ್ದಿಗೂ ಬಹುಪಾಲು ಅದೇ ಕಾರಣ. ನಿಮ್ಮ ಮೊದಲ ಕೆಲಸ ಆ ಜಾಲರಿಯನ್ನು ಕತ್ತರಿಸಿ ತೆಗೆದು, ಅಲ್ಲಿ ತಂತಿಯ ದುಂಡು ಗ್ರಿಲ್ ಕೂರಿಸುವುದು. ಅಂಚು ಸ್ವಲ್ಪ ಸೊಟ್ಟಗಾದರೂ ಗ್ರಿಲ್ಲಿನ ಮರೆಗೆ ಸರಿಯುತ್ತದೆ. ಅದೂ ಅಲ್ಲದೆ ಕ್ಯಾಬಿನೆಟ್ಟಿನ ಬೆನ್ನನ್ನು ಯಾರು ನೋಡುತ್ತಾರೆ? ಫಲ ಮಾತ್ರ ಅಂದೇ ಥರ್ಮಾಮೀಟರಿನಲ್ಲಿ ಕಾಣುತ್ತದೆ.

ಇದಕ್ಕೆ ವಿದ್ಯುತ್ ಉಪಕರಣವೇ ಬೇಡ. ತಗಡು ಕತ್ತರಿ ಸಾಕು. ಈ ಕ್ಯಾಬಿನೆಟ್‌ಗಳ ತಗಡು ಅರ್ಧ ಮಿ.ಮೀ.ಯಿಂದ ಮುಕ್ಕಾಲು ಮಿ.ಮೀ. ದಪ್ಪ, ಅಷ್ಟೇ. ಹಿಡಿಯಲ್ಲಿ ಕೆಂಪು ಬಣ್ಣವಿರುವ ಕತ್ತರಿ ಎಡಕ್ಕೆ ತಿರುಗುತ್ತ ಕತ್ತರಿಸುತ್ತದೆ, ಹಸಿರಿನದು ಬಲಕ್ಕೆ, ಹಳದಿಯದು ನೇರಕ್ಕೆ. ದುಂಡಗೆ ಹೋಗಬೇಕಾದ್ದರಿಂದ ಹಳದಿ ತರಬೇಡಿ. ಆಮೇಲೆ ಅರ್ಧದುಂಡಿನ ಅರ ತೆಗೆದುಕೊಂಡು, ಬೆರಳು ಸವರಿದರೆ ಚುಚ್ಚದಷ್ಟು ಅಂಚನ್ನು ಉಜ್ಜಿ. ಕೆಳಗಿನ ಯಜಮಾನರ ನಿದ್ದೆಗೂ ಭಂಗವಿಲ್ಲ.

ಒಂದು ಮಾತು ಮಾತ್ರ ಎರಡು ಸಲ ಓದಿ. ಕತ್ತರಿಸುವ ಮುಂಚೆ ಮದರ್‌ಬೋರ್ಡ್, ಪವರ್ ಸಪ್ಲೈ, ಡಿಸ್ಕ್, ವೈರು ಎಲ್ಲವನ್ನೂ ಹೊರತೆಗೆಯಿರಿ. 'ಮೇಲೊಂದು ಪ್ಲಾಸ್ಟಿಕ್ ಹೊದಿಸಿದರಾಯಿತು' ಎಂದು ನಾನೂ ಅಂದುಕೊಂಡಿದ್ದೆ. ಕೂದಲಿನಷ್ಟು ತೆಳುವಾದ ಉಕ್ಕಿನ ಚೂರೊಂದು ಬೋರ್ಡಿನ ಅಡಿಗೆ ಸೇರಿ, ಯಂತ್ರ ಶುರುವಾಗಿ ಎರಡು ಸೆಕೆಂಡಿಗೆ ಆರಿಹೋಗುತ್ತಿತ್ತು. ಮೂರು ದಿನ ರ‍್ಯಾಮ್ ಬದಲಿಸಿ, ಪವರ್ ಸಪ್ಲೈ ಬದಲಿಸಿ ತಲೆ ಕೆಡಿಸಿಕೊಂಡೆ. ಕತ್ತರಿಸಿದ ಮೇಲೆ ಖಾಲಿ ಡಬ್ಬಿಯನ್ನು ತಾರಸಿಯಲ್ಲಿ ನೀರಿನಿಂದಲೇ ತೊಳೆದು, ಬಿಸಿಲಿಗಿಟ್ಟು, ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೂಲೆ ಮೂಲೆಗೂ ಆಡಿಸಿ.

ಇದನ್ನೆಲ್ಲ ಕೇಳಿ ಶೋಕಿ ಎನ್ನುವವರಿಗೆ ಹೇಳಲು ಒಂದು ಹಳೆಯ ಕಥೆ: 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್ಪನ್ನು ಜನ ಅದರ ನಿಗದಿತ ವೇಗ ಮೀರಿಸಿ 450 ಮೆಗಾಹರ್ಟ್ಸ್‌ಗೆ ಓಡಿಸುತ್ತಿದ್ದ ಕಾಲದಲ್ಲಿ ಆ ಶಾಖ ಹೊರಹಾಕಲು ಬೂದುಬಣ್ಣದ ಡಬ್ಬಿಯ ನೆತ್ತಿಗೇ ತೂತು ಕೊರೆಯುತ್ತಿದ್ದರು. ಶೋಕಿಗಿಂತ ಶಾಖದ ಕಾಟವೇ ಹಳೆಯದು.

ಮೈಸೂರಿನಿಂದ

ಕತ್ತರಿ ಹಿಡಿಯುವ ಮುನ್ನ ಒಂದು ಕ್ಷಣ. ನಿಮ್ಮ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಸಿ.ಡಿ. ಡ್ರೈವ್ ಕೂರಿಸುವ ಖಾನೆಗಳು ಎಷ್ಟಿವೆ? ಮೂರು ಖಾಲಿ ಇದ್ದರೆ ನಿಮ್ಮದು ಅದೃಷ್ಟ. ಒಂದೊಂದು ಖಾನೆಯ ಎತ್ತರ ಸುಮಾರು 41 ಮಿ.ಮೀ.; ಮೂರು ಸೇರಿದರೆ 120 ಮಿ.ಮೀ. ಫ್ಯಾನ್ ಸರಿಯಾಗಿ ಕೂರುತ್ತದೆ. ಖಾನೆಯ ಮುಂದಿನ ಮೂರು ಪ್ಲಾಸ್ಟಿಕ್ ಮುಚ್ಚಳ ತೆಗೆದು, ಅಲ್ಲಿ ಗಾಳಿ ಒಳಕ್ಕೆಳೆಯುವ ಹಾಗೆ ಫ್ಯಾನ್ ನಿಲ್ಲಿಸಿ, ನಾಲ್ಕು ಮೂಲೆಗೆ ಪ್ಲಾಸ್ಟಿಕ್ ಟೈ ಬಿಗಿಯಿರಿ. ಕೊರೆತ ಸೊನ್ನೆ. ನನ್ನ ಯಂತ್ರ ಆರು ವರ್ಷದಿಂದ ಹಾಗೆಯೇ ಇದೆ.

ಮುಂದೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಹಳೆಯ ಫ್ರಿಜ್ಜಿನ ಬಾಗಿಲಿನ ರಬ್ಬರ್ ಪಟ್ಟಿ ಸಿಕ್ಕರೆ ಅದನ್ನು ಸೀಳಿ, ಒಳಗಿನ ಅಯಸ್ಕಾಂತದ ಪಟ್ಟಿಯಿಂದ ಪರದೆಯನ್ನು ತಗಡಿಗೆ ಅಂಟಿಸಬಹುದು. ತಿಂಗಳಿಗೊಮ್ಮೆ ಕಿತ್ತು ಒಗೆಯಲು ಸುಲಭ. ಧೂಳು ಒಂದೇ ಅಲ್ಲ, ಹಲ್ಲಿಯೂ ಬರುವುದಿಲ್ಲ. ನಗಬೇಡಿ, ಚಳಿಗಾಲದಲ್ಲಿ ಅದಕ್ಕೆ ಬೆಚ್ಚಗಿನ ಜಾಗ ಅದೇ.

ಹುಬ್ಬಳ್ಳಿಯಿಂದ

ನಮ್ಮ ತಂದೆಯವರದು ಗೇಟು, ಗ್ರಿಲ್ಲು ಮಾಡುವ ಸಣ್ಣ ವರ್ಕ್‌ಶಾಪ್. ನಾನು ತಗಡಿನ ನಡುವೆಯೇ ಬೆಳೆದವಳು. ಬೆಂಗಳೂರಿನವರು ಹೇಳಿದ್ದಕ್ಕೆ ನನ್ನ ಸೇರಿಕೆ ಇಷ್ಟು.

ಇಡೀ ತಗಡಿಗೆ ಹೊಸದಾಗಿ ಫ್ಯಾನಿನ ತೂತು ಬೇಕಾದಾಗ ಕತ್ತರಿ ಸಾಲದು, ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ, ಅಂದರೆ ಹೋಲ್ ಸಾ ಬೇಕು. 120 ಮಿ.ಮೀ. ಫ್ಯಾನಿಗೆ ನಾಲ್ಕೂವರೆ ಇಂಚಿನದು, ಅಂದರೆ 114 ಮಿ.ಮೀ. ಸರಿಹೋಗುತ್ತದೆ. ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರ 105 ಮಿ.ಮೀ.; 140ರ ಫ್ಯಾನಿಗೆ ಅದು 124.5. ಸ್ಕೇಲಿನಲ್ಲಿ ಅಳೆಯುವುದಕ್ಕಿಂತ ಫ್ಯಾನನ್ನೇ ಹಳೆಯ ಲಗ್ನಪತ್ರಿಕೆಯ ಮೇಲಿಟ್ಟು ಗುರುತು ಮಾಡಿ, ಆ ರಟ್ಟನ್ನು ಕತ್ತರಿಸಿ ತಗಡಿನ ಮೇಲಿಟ್ಟು ನೋಡಿ. ರಟ್ಟಿನಲ್ಲಿ ತಪ್ಪಿದರೆ ಇನ್ನೊಂದು ಲಗ್ನಪತ್ರಿಕೆ ಮನೆಯಲ್ಲಿ ಇದ್ದೇ ಇರುತ್ತದೆ.

ಗುರುತು ಹಾಕುವ ಜಾಗದಲ್ಲೆಲ್ಲ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗೆರೆ ಎಳೆಯಿರಿ. ತೂತು ಬೀಳುವ ಬಿಂದುವಿಗೆ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕದಿದ್ದರೆ ಡ್ರಿಲ್ ಬಿಟ್ ಐಸಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ತಗಡಿನ ಅಡಿಗೆ ಪ್ಲೈವುಡ್ ಕೊಟ್ಟು ಎರಡನ್ನೂ ಕ್ಲ್ಯಾಂಪ್ ಮಾಡಿ. ವೇಗ ಕಡಿಮೆ ಇರಲಿ. ದೊಡ್ಡ ಹೋಲ್ ಸಾ ತಗಡಿಗೆ ಕಚ್ಚಿಕೊಂಡರೆ ಡ್ರಿಲ್ಲೇ ಸುತ್ತಲು ನೋಡುತ್ತದೆ. ನನ್ನ ಮಣಿಕಟ್ಟು ಹದಿನೈದು ದಿನ ಊದಿದ್ದು ಹಾಗೆಯೇ. ಕಣ್ಣಿಗೆ ಕನ್ನಡಕ ಕಡ್ಡಾಯ. ಕೈಗವಸು ತಗಡು ಎತ್ತುವಾಗ ಹಾಕಿಕೊಳ್ಳಿ, ಡ್ರಿಲ್ ತಿರುಗುವಾಗ ತೆಗೆದಿಡಿ. ಬಟ್ಟೆ ಸುತ್ತಿಕೊಂಡರೆ ಬೆರಳೂ ಹೋಗುತ್ತದೆ.

ಡಿಸ್ಕ್ ಕೂರಿಸುವ ಹಳೆಯ ಪಂಜರ ಅಡ್ಡ ಬಂದರೆ ಅದಕ್ಕೆ ಬಡಿದ ರಿವೆಟ್‌ಗಳ ತಲೆಯನ್ನು ಡ್ರಿಲ್ಲಿನಿಂದ ಕೊರೆದರೆ ಕಳಚಿ ಬರುತ್ತದೆ. ಮತ್ತೆ ಕೂರಿಸಲು ಕೈ ರಿವೆಟರ್ ಸಾಕು. ಇಷ್ಟಕ್ಕೆಲ್ಲ ಉಪಕರಣ ಕೊಳ್ಳಬೇಡಿ. ರಟ್ಟಿನ ಅಚ್ಚು ಹಿಡಿದು ಹತ್ತಿರದ ಗ್ರಿಲ್ ವರ್ಕ್‌ಶಾಪಿಗೆ ಸಂಜೆ ಹೊತ್ತು ಹೋಗಿ. ಬೆಳಿಗ್ಗೆ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಉಡುಪಿಯಿಂದ

ಬಣ್ಣದ ವಿಷಯ ಯಾರೂ ಎತ್ತಿಲ್ಲ. ಕತ್ತರಿಸಿದ ಅಂಚಿನಲ್ಲಿ ತಗಡಿನ ಸತುವಿನ ಲೇಪ ಹೋಗಿರುತ್ತದೆ. ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲ ಸಾಕು, ಅಂಚೆಲ್ಲ ಕೆಂಪು. ಶಿವಮೊಗ್ಗದಲ್ಲಿಯೂ ಮಳೆ ಕಡಿಮೆಯಲ್ಲ. ಬೇರೇನೂ ಸಿಗದಿದ್ದರೆ ಮನೆಯಲ್ಲಿರುವ ಉಗುರುಬಣ್ಣವನ್ನಾದರೂ ಅಂಚಿಗೆ ಎರಡು ಸಲ ಬಳಿಯಿರಿ, ನಂತರ ರಬ್ಬರ್ ಬೀಡಿಂಗ್ ಹಾಕಿ. ಕಾರಿನ ಬಾಗಿಲಿನ ಅಂಚಿಗೆ ಹಾಕುವ ಬೀಡಿಂಗೇ ಇದಕ್ಕೂ ಆಗುತ್ತದೆ.

ಪೂರ್ತಿ ಬಣ್ಣ ಹೊಡೆಯುವುದಾದರೆ ಮಳೆ ನಿಲ್ಲಲಿ. ನಾನು ಆಟಿ ತಿಂಗಳಲ್ಲಿ ಸ್ಪ್ರೇ ಡಬ್ಬಿ ಹಿಡಿದವನು. ಗಾಳಿಯ ತೇವ ಕೂತು ಕಪ್ಪು ಬಣ್ಣದ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಮಂಕು ಕವಿಯಿತು. ಎಲ್ಲ ಉಜ್ಜಿ ತೆಗೆದು ನವೆಂಬರಿನಲ್ಲಿ ಮತ್ತೆ ಹೊಡೆದೆ. ಹಳೆಯ ಬಣ್ಣ ಪೂರ್ತಿ ಕಿತ್ತು ಹಾಕಬೇಕಿಲ್ಲ. 400 ನಂಬರಿನ ಮರಳು ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಪ್ರೈಮರ್ ಹೊಡೆದು, ಅದನ್ನು 800ರಲ್ಲಿ ನೀರು ಹಾಕಿ ನಯ ಮಾಡಿ. ಆಮೇಲೆ ಒಂದು ಗೇಣು ದೂರದಿಂದ ತೆಳುವಾದ ಮೂರು ನಾಲ್ಕು ಪದರ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಒಂದೇ ಸಲ ಮುಚ್ಚಿಬಿಡುವ ಆಸೆ ಹುಟ್ಟುತ್ತದೆ. ಆಗಲೇ ಬಣ್ಣ ಕಣ್ಣೀರಿನಂತೆ ಇಳಿಯುವುದು. ಮುಟ್ಟಿದರೆ ಅಂಟದು ಎಂದ ಮಾತ್ರಕ್ಕೆ ಒಣಗಿದೆ ಎಂದಲ್ಲ. ವಾರ ಬಿಟ್ಟು ಜೋಡಿಸಿ.

ಬಣ್ಣದ ಪುಡಿ ಎರಚಿ ಬೇಯಿಸುವ ಪೌಡರ್ ಕೋಟಿಂಗ್ ಇನ್ನೂ ಗಟ್ಟಿ. ಆದರೆ ತಗಡು ಸುಮಾರು 200 ಡಿಗ್ರಿಯ ಒಲೆಗೆ ಹೋಗುತ್ತದೆ, ಪ್ಲಾಸ್ಟಿಕ್ ಒಂದು ಚೂರೂ ಉಳಿಯಬಾರದು. ಸ್ಕ್ರೂ ತೂತುಗಳಿಗೆ ಹಳೆಯ ಸ್ಕ್ರೂಗಳನ್ನೇ ತಿರುಗಿಸಿ ಕಳುಹಿಸಿ, ಇಲ್ಲದಿದ್ದರೆ ತೂತಿನೊಳಗಿನ ಸುರುಳಿ ಗೆರೆಗಳೆಲ್ಲ ಬಣ್ಣದಿಂದ ತುಂಬುತ್ತವೆ.

ತುಮಕೂರಿನಿಂದ

ದೀಪದ ಬಗ್ಗೆ ಎಚ್ಚರಿಸುತ್ತೇನೆ, ಏಕೆಂದರೆ ಸುಟ್ಟುಕೊಂಡು ಬರುವವರನ್ನು ನೋಡುತ್ತಿರುತ್ತೇನೆ. ನಾಲ್ಕು ಪಿನ್ನಿನ ಎಲ್‌ಇಡಿ ಪಟ್ಟಿ 12 ವೋಲ್ಟಿನದು. ಒಂದೊಂದು ದೀಪದ ಬಣ್ಣವೂ ಬೇರೆ ಬೇರೆ ಬದಲಾಗುವ ಮೂರು ಪಿನ್ನಿನದು 5 ವೋಲ್ಟಿನದು. ಎರಡನೆಯದನ್ನು ಬಲವಂತವಾಗಿ 12ಕ್ಕೆ ಸಿಕ್ಕಿಸಿದರೆ ಒಂದೇ ಮಿಂಚು, ಮುಗಿಯಿತು. ಮೀಟರಿಗೆ 60 ದೀಪವಿರುವ ಸಾಮಾನ್ಯ 12 ವೋಲ್ಟಿನ ಪಟ್ಟಿ ಪೂರ್ತಿ ಉರಿದಾಗ 14 ವಾಟ್ ದಾಟುತ್ತದೆ. ಮದರ್‌ಬೋರ್ಡಿನ ಫ್ಯಾನ್ ಪಿನ್ನುಗಳ ಮಿತಿ ಸಾಮಾನ್ಯವಾಗಿ 1 ಆಂಪಿಯರ್, ಅಂದರೆ 12 ವಾಟ್. ಆದ್ದರಿಂದ ಪಟ್ಟಿಯನ್ನು ಅಲ್ಲಿಗೆ ಜೋಡಿಸಬೇಡಿ. ಪವರ್ ಸಪ್ಲೈಯಿಂದ ಬರುವ ನಾಲ್ಕು ತಂತಿಯ ದೊಡ್ಡ ಕನೆಕ್ಟರಿನಲ್ಲಿ ಹಳದಿ 12 ವೋಲ್ಟ್, ಕೆಂಪು 5, ಕಪ್ಪು ಎರಡೂ ಗ್ರೌಂಡ್. ಆದರೆ ಈಗಿನ ಕೆಲವದರಲ್ಲಿ ಎಲ್ಲ ತಂತಿಯೂ ಕಪ್ಪು, ಮೀಟರ್ ಇಟ್ಟು ನೋಡಿಯೇ ಜೋಡಿಸಿ.

ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಬಣ್ಣ ಹೊಡೆಯುವಾಗ ಅದು ಕೂರುವ ಜಾಗಕ್ಕೂ ಮದರ್‌ಬೋರ್ಡಿನ ಹಿತ್ತಾಳೆ ಕಾಲುಗಳು ಕೂರುವ ಜಾಗಕ್ಕೂ ಟೇಪ್ ಅಂಟಿಸಿ ಲೋಹವನ್ನು ಬರಿದಾಗಿ ಬಿಡಿ. ಡಬ್ಬಿಗೆ ಭೂಸಂಪರ್ಕ ಸಿಗುವುದು ಅಲ್ಲಿಂದ. ಇಷ್ಟಾದರೂ ತಗಡು ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಮೊದಲು ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಇದೆಯೇ ಎಂದು ನೋಡಿಸಿ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೆಯ ಪಿನ್ನು ಅಲಂಕಾರಕ್ಕೆ ಇರುವುದು ಹೊಸತಲ್ಲ.

ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ವಂದನೆಗಳು. ಖಾನೆಗಳು ಎರಡೇ ಇವೆ, ಆ ಅದೃಷ್ಟ ನನಗಿಲ್ಲ. ಇನ್ನೊಂದು ಪ್ರಶ್ನೆ: ಮುರಿದ ಟೀಪಾಯಿಯ ಗಾಜು ಮನೆಯಲ್ಲಿದೆ, ಟಫನ್ಡ್ ಗಾಜು. ಕಿಟಕಿಗೆ ಅದನ್ನೇ ಕತ್ತರಿಸಿಕೊಳ್ಳಬಹುದೇ?

ಬೆಂಗಳೂರಿನಿಂದ ಅದೇ ಒಬ್ಬರು

ಬೇಡ. ಟಫನ್ಡ್ ಗಾಜನ್ನು ಕಾಯಿಸುವ ಮೊದಲೇ ಕತ್ತರಿಸಿರಬೇಕು. ಈಗ ಗೀರಿದರೆ ಇಡೀ ಹಾಳೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಕಿಟಕಿಯ ಸರದಿ ಬಂದಾಗ 3 ಮಿ.ಮೀ. ಅಕ್ರಿಲಿಕ್ ತನ್ನಿ. ಎರಕ ಹೊಯ್ದ ಹಾಳೆ ಕೇಳಿ. ಅಗ್ಗದ ಒತ್ತುಹಾಳೆ ಡ್ರಿಲ್ಲಿನ ಬಿಸಿಗೆ ಬೇಗ ಕರಗಿ ಬಿಟ್ಟಿಗೇ ಅಂಟುತ್ತದೆ. ಮೇಲಿನ ಕಾಗದವನ್ನು ಕಡೆಯವರೆಗೂ ಕೀಳಬೇಡಿ. ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ. ನನ್ನ ಮೂಲೆಗಳು ಸೀಳಿದ್ದು ಅದಿಲ್ಲದ್ದಕ್ಕೇ. ಸ್ಕ್ರೂ ಬೇಡವೆಂದರೆ ಎರಡು ಬದಿ ಅಂಟುವ ಟೇಪಿನಲ್ಲೂ ನಿಲ್ಲುತ್ತದೆ.

ಕೇಳಿದವರು, ಮೂರು ವಾರದ ಬಳಿಕ

ಮೊದಲು ರಿಪೇರಿ ಅಂಗಡಿಯೊಂದರ ಹಿತ್ತಲಿನಿಂದ 150 ರೂಪಾಯಿಗೆ ಗುಜರಿ ಕ್ಯಾಬಿನೆಟ್ ತಂದು ಅದರ ಜಾಲರಿಯನ್ನು ಕತ್ತರಿಸಿ ಕೈ ಪಳಗಿಸಿಕೊಂಡೆ. ಅಲ್ಲಿ ತೂತು ಮೊಟ್ಟೆಯಾಕಾರಕ್ಕೆ ಬಂತು. ನನ್ನದರಲ್ಲಿ ಪರವಾಗಿಲ್ಲ ಎನ್ನುವಷ್ಟು ದುಂಡಗಾಗಿದೆ. ಮುಂಭಾಗದ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿದ ಚಾಕುವಿನಿಂದ ಕತ್ತರಿಸಲು ಹೋಗಿ ಹೊಗೆಗೆ ಕೆಮ್ಮಿ ಬಿಟ್ಟುಬಿಟ್ಟೆ. ಆಮೇಲೆ ವರ್ಕ್‌ಶಾಪಿನವರೇ ಅದಕ್ಕೂ ಒಳಗಿನ ತಗಡಿಗೂ ಒಂದೇ ಅಳತೆಯ ತೂತು ಹಾಕಿಕೊಟ್ಟರು. ಸಂಜೆಯೇ ಹೋಗಿದ್ದೆ. ಈಗ ಮುಂದೆ ಒಂದು, ಹಿಂದೆ ಒಂದು ಫ್ಯಾನ್. ಪಕ್ಕದ ತಗಡು ಮುಚ್ಚಿದ್ದರೂ ಕಾರ್ಡ್ 78ರಲ್ಲಿ ನಿಲ್ಲುತ್ತದೆ. ಒಟ್ಟು ಖರ್ಚು 1,640.

ಒಂದೇ ತೊಂದರೆ: ಮುಂದಿನ ಫ್ಯಾನ್ ತಗಡಿಗೆ ತಾಗಿ ಗುಯ್‌ಗುಡುತ್ತಿತ್ತು. ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬು ತಂದು ನಾಲ್ಕು ಬಿಲ್ಲೆ ಕತ್ತರಿಸಿ ಸ್ಕ್ರೂಗಳ ನಡುವೆ ಕೊಟ್ಟೆ, ಸದ್ದು ನಿಂತಿತು. ಕಿಟಕಿಗೆ ಲಗ್ನಪತ್ರಿಕೆಯ ಅಚ್ಚು ಸಿದ್ಧವಾಗಿದೆ. ಅಕ್ಕನ ಮದುವೆಯದೇ, ಅವಳಿಗೆ ಇನ್ನೂ ಗೊತ್ತಿಲ್ಲ.