‘ಸಮತೋಲನ’ವೇ, ‘ಸರಿದೂಗಿಕೆ’ಯೇ?

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದ ಗೆಳೆಯರೊಬ್ಬರ ಅಮೂರ್ತ ಚಿತ್ರಕ್ಕೆ ನಾಲ್ಕು ಸಾಲಿನ ಟಿಪ್ಪಣಿ ಬರೆಯಲು ಕುಳಿತಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಚಿತ್ರ ಹುಟ್ಟಿದ್ದು ಸೇವಂತಿಗೆಯಿಂದ; ಆದರೆ ಅದರಲ್ಲಿ ಎಸಳೂ ಇಲ್ಲ, ತೊಟ್ಟೂ ಇಲ್ಲ. ಮುಕ್ಕಾಲು ಪಾಲು ಬೂದಿಬಣ್ಣ ಹರಡಿದೆ, ಬಲಗಡೆಯ ಕೆಳಮೂಲೆಯಲ್ಲಿ ಅಂಗೈಯಷ್ಟು ಹಳದಿ ಇದೆ, ಆ ಹಳದಿಯೇ ಅಷ್ಟು ದೊಡ್ಡ ಬೂದಿಯನ್ನು ಹಿಡಿದು ನಿಲ್ಲಿಸಿದೆ. ಇದನ್ನು ಮೊದಲು ‘ಸಮತೋಲನ’ ಎಂದು ಬರೆದು, ಆಮೇಲೆ ಹೊಡೆದುಹಾಕಿದೆ.

‘ತೋಲನ’ವು ‘ತುಲಾ’ದ ಬಳಗಕ್ಕೆ ಸೇರಿದ್ದು. ಆ ಪದ ಕಿವಿಗೆ ಬಿದ್ದೊಡನೆ ತಕ್ಕಡಿಯ ಎರಡು ತಟ್ಟೆಗಳು ಒಂದೇ ಮಟ್ಟದಲ್ಲಿ ನಿಂತಂತೆ ಕಾಣುತ್ತದೆ. ‘ಸಮ’ ಸೇರಿದ ಮೇಲಂತೂ ಎರಡು ಬದಿಯೂ ಒಂದೇ ಎಂಬ ಭಾವನೆ ಬಲಿಯುತ್ತದೆ. ಅದಕ್ಕೆ ‘ಸಮ್ಮಿತಿ’ ಎಂಬ ಬೇರೆ ಪದವೇ ಇದೆಯಲ್ಲವೇ? ಸೇವಂತಿಗೆಯನ್ನು ಮತ್ತೆ ಮತ್ತೆ ಚಿತ್ರಿಸಿದ ಡಚ್ ಕಲಾವಿದ ಪೀಟ್ ಮಾಂಡ್ರಿಯಾನ್ (1872–1944), ಮುಂದೆ ಕಪ್ಪುಗೆರೆ, ಬಿಳಿಯ ಬಯಲು ಮತ್ತು ಒಂದೆರಡು ತುಣುಕು ಗಾಢಬಣ್ಣಗಳ ಚಿತ್ರಗಳಿಗೆ ಬಂದಾಗ, ಎರಡು ಬದಿ ಒಂದೇ ಆಗದಂತೆ ನೋಡಿಕೊಂಡೇ ಚಿತ್ರವನ್ನು ನಿಲ್ಲಿಸಿದನು, ಅವನು ಬಯಸಿದ್ದು ಚಲನೆಯನ್ನು ಒಳಗಿಟ್ಟುಕೊಂಡ ಸ್ಥಿರತೆಯನ್ನು.

ಆ ಚಲನೆ ನಮ್ಮ ‘ತೂಗು’ ಧಾತುವಿನಲ್ಲಿ ಮೊದಲೇ ಇದೆ: ಬೆಲ್ಲವನ್ನೂ ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ‘ಸಮತೂಕ’ ಎನ್ನೋಣವೆಂದರೆ ಅರಿಸಮಾಸದ (ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವುದರ) ತಕರಾರಿಗಿಂತ ಹೆಚ್ಚಾಗಿ ಮತ್ತದೇ ‘ಸಮ’ದ ತೊಂದರೆ. ಆದರೆ ‘ಸರಿದೂಗು’ ಹಾಗಲ್ಲ. ಮಳೆಯ ಕೊರತೆಯನ್ನು ಕೆರೆಯ ನೀರು ಸರಿದೂಗಿಸಿತು ಎನ್ನುವಾಗ ಮಳೆಯೂ ಕೆರೆಯೂ ಒಂದೇ ಅಳತೆಯವು ಎಂದು ಯಾರೂ ತಿಳಿಯುವುದಿಲ್ಲ; ಒಂದರ ಕೊರತೆಗೆ ಇನ್ನೊಂದು ಒದಗಿತು ಎಂದಷ್ಟೇ ಅರ್ಥ. ಚಿತ್ರದ ಹಳದಿ ಮಾಡುತ್ತಿರುವುದೂ ಇದನ್ನೇ. ಇದರ ನಾಮರೂಪವಾಗಿ ‘ಸರಿದೂಗಿಕೆ’ ಎಂದು ಬರೆದರೆ ಕಿವಿಗೆ ಒಗ್ಗೀತೇ, ಅಥವಾ ‘ಸರಿದೂಗುವಿಕೆ’ ಎಂದೇ ಎಳೆಯಬೇಕೇ?

ಜೊತೆಗೆ ಇನ್ನೊಂದು ಸಂದೇಹ. ಚಿತ್ರದ ಶಾಂತಭಾವಕ್ಕೆ ‘ಪ್ರಶಾಂತತೆ’ ತೀರ ಸಭೆಯ ಮಾತೆನಿಸಿ ‘ನೆಮ್ಮದಿ’ಯತ್ತ ವಾಲಿದ್ದೇನೆ. ‘ನೆಮ್ಮು’ ಎಂದರೆ ಒರಗು, ಆತುಕೊಳ್ಳು. ಬೂದಿಯು ಹಳದಿಗೆ ಆತುಕೊಂಡಿರುವ ಈ ಚಿತ್ರಕ್ಕೆ ಆ ನೆನಪು ಒಪ್ಪುತ್ತದೆ. ಆದರೆ ನೆಮ್ಮದಿಯನ್ನು ನಾವು ಮನುಷ್ಯರಿಗೆ, ಮನೆಗೆ, ಬದುಕಿಗೆ ಹೇಳುತ್ತೇವೆ. ‘ಚಿತ್ರದ ನೆಮ್ಮದಿ’ ಎಂದರೆ ಓದುಗರು ಅದನ್ನು ನೋಡುವವರ ನೆಮ್ಮದಿ ಎಂದು ತಿಳಿದಾರೆಯೇ?