ಠಾಣೆಯಲ್ಲಿ ಒಪ್ಪಿಕೊಂಡಿದ್ದು ಕೋರ್ಟಲ್ಲಿ ನಿಲ್ಲೋದಿಲ್ಲ ಅಂದ್ರೆ ಶಿಕ್ಷೆ ಆಗೋದು ಯಾವುದರ ಮೇಲೆ?

ಪ್ರಶ್ನೆ: ಸರ್, ಕೊಲೆ ಕೇಸುಗಳಲ್ಲಿ ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಅಂತ ಪೇಪರಲ್ಲಿ ಬರುತ್ತೆ. ಮೂರ್ನಾಲ್ಕು ವರ್ಷ ಬಿಟ್ಟು ನೋಡಿದ್ರೆ ಅದೇ ಆರೋಪಿ ಖುಲಾಸೆ. ಒಪ್ಪಿಕೊಂಡ ಮೇಲೂ ಹೀಗೇಕೆ?

ಉತ್ತರ (ಕ್ರಿಮಿನಲ್ ವಕೀಲರು): ಆ ‘ಒಪ್ಪಿಕೊಂಡಿದ್ದಾನೆ’ ಅನ್ನೋದು ಕಾನೂನಿನ ಕಣ್ಣಲ್ಲಿ ಸಾಕ್ಷ್ಯವೇ ಅಲ್ಲ. ಪೊಲೀಸ್ ಅಧಿಕಾರಿ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಪೊಲೀಸ್ ಕಸ್ಟಡಿಯಲ್ಲಿ ಬೇರೆ ಯಾರ ಮುಂದೆ ಹೇಳಿದ್ರೂ, ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಅಲ್ಲದಿದ್ದರೆ, ಅದೂ ಅಷ್ಟೇ. 1872ರ ಸಾಕ್ಷ್ಯ ಅಧಿನಿಯಮದ 25 ಮತ್ತು 26ನೇ ಕಲಂಗಳಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂಗೆ ಬಂದಿದೆ. ಠಾಣೆಯಲ್ಲಿ ಹೊಡೆತಕ್ಕೆ ಹೆದರಿ ಯಾರು ಏನನ್ನಾದರೂ ಒಪ್ಪಿಕೊಳ್ಳಬಹುದು ಅನ್ನೋ ಅನುಭವದಿಂದ ಬಂದ ನಿಯಮ ಇದು. ಸಡಿಲ ಮಾಡಬಾರದು ಅಂತಲೇ ನನ್ನ ಅಭಿಪ್ರಾಯ.

ಇದು ಎಷ್ಟು ಬಿಗಿ ಅಂತ ತಿಳಿಯೋಕೆ ಅಘ್ನೂ ನಾಗೇಸಿಯಾ ಪ್ರಕರಣ ಓದಿ. 1963ರಲ್ಲಿ, ಆಗಿನ ಬಿಹಾರದ ಪಾಲ್ಕೋಟ್ ಠಾಣೆಗೆ ಆರೋಪಿ ತಾನೇ ಹೋಗಿ ನಾಲ್ವರನ್ನು ಕೊಂದಿದ್ದೇನೆ ಅಂತ ದೂರು ಬರೆಸಿದ. ಅದೇ ಎಫ್‌ಐಆರ್ ಆಯ್ತು. ಹೈಕೋರ್ಟ್‌ವರೆಗೂ ಶಿಕ್ಷೆ ಉಳಿಯಿತು. ಸುಪ್ರೀಂ ಕೋರ್ಟ್ ಮಾತ್ರ, ಎಫ್‌ಐಆರ್ ಆದರೂ ಅದು ಪೊಲೀಸರ ಮುಂದಿನ ತಪ್ಪೊಪ್ಪಿಗೆಯೇ ಅಂದಿತು. ಕೊಂದೆ ಅನ್ನೋ ಸಾಲಷ್ಟೇ ಅಲ್ಲ, ಅದರ ಜೊತೆಗಿದ್ದ ಕಾರಣ, ಸಿದ್ಧತೆ, ಸಂದರ್ಭದ ವಿವರಗಳನ್ನೂ ಹೊರಗಿಟ್ಟಿತು. ಆಮೇಲೆ ಉಳಿದದ್ದು ಶವಗಳನ್ನೂ ಕೊಡಲಿಯನ್ನೂ ತೋರಿಸಿಕೊಟ್ಟದ್ದು, ರಕ್ತದ ಕಲೆಯಿದ್ದ ಚಾದರ. ಅಷ್ಟು ಸಾಲದು ಅಂತ ಬಿಡುಗಡೆ ಮಾಡಿತು.

ಪ್ರಶ್ನೆ: ಹಾಗಾದ್ರೆ ‘ಆರೋಪಿ ತೋರಿಸಿದ ಜಾಗದಲ್ಲಿ ಚಾಕು ಸಿಕ್ತು’ ಅನ್ನೋದಕ್ಕೆ ಬೆಲೆ ಇಲ್ವಾ?

ಉತ್ತರ: ಇದೆ, ಆದರೆ ಕಿರಿದು. ಹಳೆಯ 27ನೇ ಕಲಂ ಈಗ 23ಕ್ಕೆ ಪರಂತುಕವಾಗಿ (ವಿನಾಯಿತಿಯಾಗಿ) ಸೇರಿದೆ. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಷ್ಟೇ ಒಳಗೆ ಬರುತ್ತೆ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ (ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ತೀರ್ಪು, ಎಐಆರ್ ತೀರ್ಪು ಸಂಪುಟ 1947) ಒಂದು ಉದಾಹರಣೆ ಇದೆ. ‘ಮನೆಯ ಸೂರಿನಲ್ಲಿ ಬಚ್ಚಿಟ್ಟ ಚಾಕು ತೆಗೆದುಕೊಡ್ತೀನಿ’ ಅಂದದ್ದು ಒಳಗೆ. ‘ಅದರಿಂದಲೇ ಇಂಥವನನ್ನು ಇರಿದೆ’ ಅಂದದ್ದು ಹೊರಗೆ. ಚಾಕು ಅಲ್ಲಿದೆ ಅಂತ ಅವನಿಗೆ ಗೊತ್ತಿತ್ತು ಅನ್ನೋದಷ್ಟೇ ಸಾಬೀತು. ಅದರಿಂದಲೇ ಕೊಲೆ ಆಯ್ತು ಅಂತ ತೋರಿಸೋಕೆ ವೈದ್ಯರ ಅಭಿಪ್ರಾಯ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬೇಕು. ‘ಮನುಷ್ಯನ ರಕ್ತ’ ಅಂತಷ್ಟೇ ವರದಿ ಬಂದು ಗುಂಪೋ ಡಿಎನ್‌ಎಯೋ ಹೊಂದದಿದ್ದರೆ ಆ ಕೊಂಡಿ ತೀರಾ ದುರ್ಬಲ.

ಪ್ರಶ್ನೆ: ಮಹಜರು (ಸಾಕ್ಷಿಗಳೆದುರು ಬರೆಯೋ ಪತ್ತೆ-ಜಪ್ತಿಯ ದಾಖಲೆ) ಎಲ್ಲಿ ಕೆಡುತ್ತೆ ಸರ್? ಸ್ವಲ್ಪ ವಿವರವಾಗಿ ಹೇಳಿ, ನಾನು ಈ ವರ್ಷವಷ್ಟೇ ಸನ್ನದು ತಗೊಂಡಿರೋದು.

ಉತ್ತರ: ಒಳ್ಳೆ ಪ್ರಶ್ನೆ, ಹೆಚ್ಚು ಕೇಸು ಬೀಳೋದು ಇಲ್ಲೇ. ನಮ್ಮ ರಾಜ್ಯದ್ದೇ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ, 2022ರ ಸುಪ್ರೀಂ ಕೋರ್ಟ್ ತೀರ್ಪು ಓದಿ, ಕ್ರಮ ಅದರಲ್ಲಿದೆ. ಆರೋಪಿ ಬಾಯಿಬಿಡ್ತೀನಿ ಅಂದ ಕೂಡಲೇ ಇಬ್ಬರು ಸ್ವತಂತ್ರ ಪಂಚರನ್ನು (ಮಹಜರಿನ ಸಾಕ್ಷಿಗಳನ್ನು) ಮೊದಲು ಠಾಣೆಗೇ ಕರೆಸಬೇಕು. ಅವರೆದುರು ಅವನು ಹೇಳಿದ್ದನ್ನು, ಅವನದೇ ಮಾತಲ್ಲಿ, ಬರೆದುಕೊಂಡು ಮೊದಲ ಭಾಗ ಮುಗಿಸಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಹೊರಟು, ಅವನು ಕರೆದುಕೊಂಡು ಹೋದ ಜಾಗದಲ್ಲಿ ಸಿಕ್ಕಿದ್ದನ್ನು ಎರಡನೇ ಭಾಗದಲ್ಲಿ ಬರೆಯಬೇಕು.

ಆಗೋದೇನು? ಆರೋಪಿಯ ಸ್ವಇಚ್ಛಾ ಹೇಳಿಕೆಯನ್ನು ತನಿಖಾಧಿಕಾರಿ ಒಬ್ಬರೇ ಬರೆದಿರ್ತಾರೆ, ಪಂಚರು ನೇರ ಜಾಗಕ್ಕೆ ಬಂದಿರ್ತಾರೆ. ಕೋರ್ಟಿನ ಮುಖ್ಯ ವಿಚಾರಣೆಯಲ್ಲಿ ಅಧಿಕಾರಿ ‘ಆರೋಪಿ ತೋರಿಸಿದ, ಜಪ್ತಿ ಮಾಡಿದೆ’ ಅಂತ ಮುಗಿಸ್ತಾರೆ, ನಿಖರವಾಗಿ ಏನು ಹೇಳಿದ ಅಂತ ಹೇಳೋದಿಲ್ಲ. ಕೋರ್ಟಲ್ಲಿ ನಿಶಾನೆ (ಗುರುತು ಸಂಖ್ಯೆ) ಬಿದ್ದ ದಾಖಲೆ ಇದ್ದರೂ ಅದರ ಒಳಗಿನ ಮಾತು ತಾನಾಗಿ ಸಾಬೀತಾಗೋದಿಲ್ಲ. ಪಾಟೀ ಸವಾಲಲ್ಲಿ ಇನ್ನೂ ಕೇಳಿ: ಜಾಗ ಎಲ್ಲರೂ ಓಡಾಡುವ ಬಯಲೇ? ಪೊಲೀಸರಿಗೆ ಮೊದಲೇ ಗೊತ್ತಿತ್ತೇ? ಜಪ್ತಿ ಮಾಡಿದ ಮಾಲಿಗೆ ಸ್ಥಳದಲ್ಲೇ ಸೀಲ್ ಹಾಕಿದ್ದಾರಾ? ಎಫ್‌ಎಸ್‌ಎಲ್‌ಗೆ ಹೋಗೋ ತನಕ ಎಲ್ಲಿತ್ತು?

ಪ್ರತಿಕ್ರಿಯೆ (ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್): ವಕೀಲರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯ ಆಡಿಯೋ-ವಿಡಿಯೋ ರೆಕಾರ್ಡಿಂಗ್ ಆಗಬೇಕು, ಪಟ್ಟಿ ತಯಾರಿಸಿ ಪಂಚರು ಸಹಿ ಹಾಕುವುದೂ ಸೇರಿ. ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮೊಬೈಲಲ್ಲೇ ತೆಗೆಯಬಹುದು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ ಅದೇ ಸಂಹಿತೆಯ 176(3) ಹೇಳುತ್ತೆ. ರಾಜ್ಯಗಳಿಗೆ ಜಾರಿಗೆ ಐದು ವರ್ಷದವರೆಗೆ ಸಮಯ ಕೊಟ್ಟಿದೆ. ತನಿಖೆಯಲ್ಲಿರೋ ನಮ್ಮ ಹುಡುಗರು ಒಪ್ಪಿಗೆ ಹಿಂದೆ ಬೀಳೋ ಬದಲು ಇದಕ್ಕೆ ಹೊತ್ತು ಕೊಡಬೇಕು.

ಪ್ರಶ್ನೆ: ಮೇಡಂ/ಸರ್, ಗಂಡ ಹೆಂಡತಿ ಇಬ್ಬರೇ ಇದ್ದ ಮನೆಯಲ್ಲಿ ಹೆಂಡತಿ ಸತ್ತರೆ? ನೋಡಿದವರೇ ಇಲ್ಲವಲ್ಲ.

ಉತ್ತರ: ಸಾಂದರ್ಭಿಕ ಸಾಕ್ಷ್ಯ (ಸುತ್ತಲಿನ ಸಂಗತಿಗಳನ್ನು ಸರಪಳಿಯಂತೆ ಜೋಡಿಸಿ ಕಟ್ಟುವ ಪುರಾವೆ) ನಿಜವಾಗಿ ಕೆಲಸ ಮಾಡೋದು ಅಲ್ಲೇ. ತನಗೆ ಮಾತ್ರ ಗೊತ್ತಿರೋ ಸಂಗತಿಯನ್ನು ಅವನೇ ವಿವರಿಸಬೇಕು ಅನ್ನೋ, ಸಾಕ್ಷ್ಯ ಅಧಿನಿಯಮದ ಹಳೆಯ 106, ಈಗಿನ 109ನೇ ಕಲಂ ಇದೆ. 2006ರ ತ್ರಿಮುಖ್ ಮಾರೋತಿ ಕಿರ್ಕನ್ ತೀರ್ಪಿನಲ್ಲಿ, ಮನೆಯೊಳಗಿನ ಸಾವಿಗೆ ಒಳಗಿದ್ದವರು ಸಮಂಜಸ ಉತ್ತರ ಕೊಡದಿದ್ದರೆ ಅದೇ ಸರಪಳಿಯ ಇನ್ನೊಂದು ಕೊಂಡಿ ಅಂತ ಹೇಳಿದೆ. ಆದರೆ ಇದನ್ನೇ ಮೊದಲ ಕೊಂಡಿ ಮಾಡುವಂತಿಲ್ಲ. ಆ ಹೊತ್ತಲ್ಲಿ ಅವನು ಮನೆಯಲ್ಲಿದ್ದ, ಸಾವು ಕೊಲೆಯೇ, ಹೊರಗಿನವರು ಬಂದಿರಲಿಲ್ಲ ಅನ್ನೋದನ್ನು ಪ್ರಾಸಿಕ್ಯೂಷನ್ ಮೊದಲು ರುಜುವಾತು ಮಾಡಬೇಕು.

ಎಲ್ಲದಕ್ಕೂ ಅಳತೆಗೋಲು 1984ರ ಶರದ್ ಬಿರ್ಧಿಚಂದ್ ಸರ್ದಾ ತೀರ್ಪು. ಪ್ರತಿ ಸಂದರ್ಭವೂ ‘ಆಗಿರಬಹುದು’ ಅಲ್ಲ, ‘ಆಗಿದೆ’ ಅನ್ನೋ ಮಟ್ಟಕ್ಕೆ ಸಾಬೀತಾಗಬೇಕು, ಒಟ್ಟಿಗೆ ನೋಡಿದಾಗ ಇವನಲ್ಲದೆ ಬೇರೆ ಯಾರೂ ಅಲ್ಲ ಅನ್ನಿಸಬೇಕು. ಸುಳ್ಳು ಪ್ರತಿವಾದ ಪೂರ್ತಿಯಾದ ಸರಪಳಿಗೆ ಬಲ ಕೊಡಬಹುದು, ಕಡಿದದ್ದನ್ನು ಜೋಡಿಸೋದಿಲ್ಲ.

ಪ್ರಶ್ನೆ: ಕಾಲ್ ಡಿಟೇಲ್ಸ್, ಸಿಸಿಟಿವಿ ಇದ್ದರೆ ಸಾಕಲ್ವಾ?

ಉತ್ತರ: ಆ ಎಲೆಕ್ಟ್ರಾನಿಕ್ ದಾಖಲೆ ಯಾವ ಸಾಧನದಿಂದ, ಹೇಗೆ ತಯಾರಾಯ್ತು ಅಂತ ಹೇಳೋ ಪ್ರಮಾಣಪತ್ರ ಇದ್ದರೆ. ಪ್ರತಿ ಮಾತ್ರ ಹಾಜರುಪಡಿಸುವಾಗ ಅದು ಕಡ್ಡಾಯ ಅಂತ 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಹೇಳಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ನಮೂನೆಯಲ್ಲಿ ಸಾಧನ ನೋಡಿಕೊಳ್ಳುವವರ ಭಾಗ, ತಜ್ಞರ ಭಾಗ ಎರಡೂ ಇವೆ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಅಂತ ತೋರಿಸೋ ಗುರುತು) ಬರೆಯಬೇಕು. ಟವರ್ ಲೊಕೇಶನ್ ಮೊಬೈಲು ಆ ಪ್ರದೇಶದಲ್ಲಿತ್ತು ಅಂತಷ್ಟೇ ಹೇಳುತ್ತೆ, ಕೋಣೆಯಲ್ಲಿತ್ತು ಅಂತಲ್ಲ. ಮತ್ತೆ, ಸಾಕ್ಷಿಗಳು ಮುಗಿದ ಮೇಲೆ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 313, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 351ರಡಿ ಈ ಒಂದೊಂದು ಸಂದರ್ಭವನ್ನೂ ಆರೋಪಿಗೆ ಬೇರೆಬೇರೆಯಾಗಿ ಕೇಳಿದ್ದಾರಾ ನೋಡಿ. ಕೇಳದೇ ಬಿಟ್ಟದ್ದನ್ನು ಅವನ ವಿರುದ್ಧ ಬಳಸುವಂತಿಲ್ಲ, ಅದನ್ನೂ ಸರ್ದಾ ತೀರ್ಪೇ ಹೇಳಿದೆ.